ಮಾನ ಮತ್ತು ಅಳತೆ

ಕನ್ನಡದಲ್ಲಿ 'ಮಾನ' ಎಂಬ ಪದಕ್ಕೆ ಎರಡು ಅರ್ಥಗಳಿವೆ. ಒಂದು ಮರ್ಯಾದೆ, ಇನ್ನೊಂದು ಅಳತೆ. 'ಮಾನ ಹೋಯಿತು' ಎನ್ನುವಾಗ ಮೊದಲನೆಯದು. 'ತಾಪಮಾನ', 'ಮಾನದಂಡ' ಎನ್ನುವಾಗ ಎರಡನೆಯದು. ಸಂಸ್ಕೃತದಲ್ಲಿ ಇವುಗಳ ಧಾತುಗಳು ಬೇರೆ ಬೇರೆ. ನಮ್ಮಲ್ಲಿಗೆ ಮಾತ್ರ ಒಂದೇ ರೂಪದಲ್ಲಿ ಬಂದು ಕೂತಿವೆ. ಈ ಎರಡೂ ಮಾನಗಳು ಎದುರುಬದುರಾಗಿ ನಿಲ್ಲುವ ಜಾಗವೊಂದಿದೆ: ಬ್ರಾ ಮಾರುವ ಅಂಗಡಿ. ಅಲ್ಲಿ ಹೆಣ್ಣು ಮರ್ಯಾದೆ ಉಳಿಸಿಕೊಳ್ಳಲು ಅಳತೆಯನ್ನು ಬಿಟ್ಟುಕೊಡುತ್ತಾಳೆ.

ಹುಮನಾಬಾದಿನ ಬಜಾರಿರಲಿ, ಬಸವಕಲ್ಯಾಣದ್ದಿರಲಿ, ಈ ವ್ಯವಹಾರ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಗಲ್ಲಾದ ಆಚೆ ಸಾಮಾನ್ಯವಾಗಿ ಗಂಡಸರೇ ಇರುತ್ತಾರೆ. ಗಿರಾಕಿ ದನಿ ತಗ್ಗಿಸಿ ಒಂದು ಅಂಕಿ ಹೇಳುತ್ತಾಳೆ, ಅದೂ ದಖನಿಯಲ್ಲಿ: ಛತ್ತೀಸ್, ಅಡತೀಸ್. ಡಬ್ಬಿ ಇಳಿಯುತ್ತದೆ, ವಸ್ತು ಕಾಗದದಲ್ಲಿ ಸುತ್ತಿಕೊಳ್ಳುತ್ತದೆ. ಹಾಕಿ ನೋಡಲು ಕೋಣೆಯಿಲ್ಲ, ಒಯ್ದದ್ದನ್ನು ವಾಪಸ್ ಕೊಡುವಂತಿಲ್ಲ. "ಸುತ್ತಳತೆ ಇಷ್ಟೇ ಇರಲಿ, ಕಪ್ ದೊಡ್ಡದು ಬೇಕು" ಎಂದು ನಾನು ಕೇಳಿದರೆ ಬರುವ ಉತ್ತರ ಒಂದೇ: "ಚಾಲೀಸ್ ಒಯ್ರಿ ಅಕ್ಕೋರೆ, ಆರಾಮ್ ಆಗ್ತದ."

ಆರಾಮ ಆಗುವುದಿಲ್ಲ, ಯಾಕೆಂದರೆ ಲೆಕ್ಕವೇ ಬೇರೆ. ಎದೆಯ ಕೆಳಗೆ ಪಕ್ಕೆಲುಬಿನ ಸುತ್ತ ಟೇಪನ್ನು ಬಿಗಿಯಾಗಿ ಹಿಡಿದರೆ ಒಂದು ಅಳತೆ. ಎದೆಯ ತುಂಬಿದ ಭಾಗದ ಮೇಲೆ ಸಡಿಲವಾಗಿ ಹಿಡಿದರೆ ಇನ್ನೊಂದು. ಮೊದಲನೆಯದು ಬ್ಯಾಂಡಿನ ಅಂಕಿ. ಎರಡರ ನಡುವಿನ ವ್ಯತ್ಯಾಸ ಕಪ್ಪಿನ ಅಕ್ಷರ: ಹೆಚ್ಚುಕಡಿಮೆ ಒಂದು ಇಂಚಿಗೆ ಎ, ಎರಡಕ್ಕೆ ಬಿ, ಮೂರಕ್ಕೆ ಸಿ, ನಾಲ್ಕಕ್ಕೆ ಡಿ. ಪಕ್ಕೆಲುಬಿನ ಸುತ್ತ 34, ಎದೆಯ ಸುತ್ತ 40 ಇರುವವಳಿಗೆ ವ್ಯತ್ಯಾಸ 6 ಇಂಚು. ಅಂದರೆ ಡಿ ದಾಟಿ ಇನ್ನೆರಡು ಮೆಟ್ಟಿಲು. ಬಜಾರಿನಲ್ಲಿ ಅವಳಿಗೆ ಸಿಗುವುದು 40 ಬಿ. ಬ್ಯಾಂಡು 6 ಇಂಚು ಸಡಿಲ. ಇಷ್ಟಾಗಿಯೂ ಕಪ್ಪು ಸಣ್ಣದು. ಎದೆಯ ಭಾರದ ಬಹುಪಾಲನ್ನು ಹೊರಬೇಕಾದದ್ದು ಬ್ಯಾಂಡು. ಅದು ಸಡಿಲವಾದರೆ ಬೆನ್ನ ಮೇಲೆ ಏರುತ್ತದೆ, ಭಾರವೆಲ್ಲ ಹೆಗಲ ಪಟ್ಟಿಗಳಿಗೆ ಬೀಳುತ್ತದೆ. ಹೆಗಲಲ್ಲಿ ಗುಳಿ, ಕುತ್ತಿಗೆ ನೋವು, ಬೇಸಿಗೆಯಲ್ಲಿ ಎದೆಯ ಕೆಳಗೆ ಬೆವರಿಗೆ ಕೆಂಪಾಗಿ ಉರಿಯುವ ಚರ್ಮ. ಇಷ್ಟನ್ನೂ ಸಹಿಸುವವಳು ಕೊನೆಗೆ ಹೇಳುವುದು, "ನನ್ ಮೈನೇ ಹಂಗ ಅದ." ಡಬ್ಬಿಯಲ್ಲಿ ಇಲ್ಲದ ಸೈಜು ದೇಹದ ದೋಷವಾಗಿಬಿಡುತ್ತದೆ. ನನಗೆ ಇದು ನೈತಿಕ ಪ್ರಶ್ನೆಯಾಗಿ ಕಾಣುವುದು ಇಲ್ಲಿಂದ.

ಬಸವಕಲ್ಯಾಣದ ಹೆದ್ದಾರಿಯ ಆಟೋನಗರ ಲಾರಿ ಕೆಲಸಕ್ಕೆ ಹೆಸರಾದದ್ದು. ಲಾರಿಗೆ ಕಟ್ಟುವುದೂ 'ಬಾಡಿ', ನಮ್ಮ ಅಮ್ಮಂದಿರು ಬ್ರಾಗೆ ಅನ್ನುವುದೂ 'ಬಾಡಿ'. ಲಾರಿಯ ಬಾಡಿ ಕಟ್ಟುವವರು ಚಾಸಿಯನ್ನು ಅಳೆಯದೆ ಕೆಲಸ ಹಿಡಿಯುವುದಿಲ್ಲ. ಹಲಗೆ ಕೂಡದಿದ್ದರೆ ಚಾಸಿಯನ್ನು ಬೈಯುವುದೂ ಇಲ್ಲ.

ಹಿಂದಿನ ಹೆಂಗಸರಿಗೆ ಇವೆಲ್ಲ ಬೇಕಿರಲಿಲ್ಲ ಎಂಬ ಮಾತಿದೆ. ಅಜ್ಜಿಯರ ಗುಳೇದಗುಡ್ಡ ಖಣದ ಕುಬಸ ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಅದನ್ನು ಒಬ್ಬಳ ಮೈಗೆಂದೇ ಹೊಲಿಯುತ್ತಿದ್ದರು. ಮುಂದೆ ಎರಡು ತುದಿ ಸೇರಿಸಿ ಗಂಟು ಹಾಕುತ್ತಿದ್ದರು. ಬಸುರಿನಲ್ಲಿ, ಬಾಣಂತನದಲ್ಲಿ, ಮುಪ್ಪಿನಲ್ಲಿ ಗಂಟು ಸ್ವಲ್ಪ ಸರಿಯುತ್ತಿತ್ತು. ಬಿಗಿ ಎಷ್ಟಿರಬೇಕೆಂದು ತೀರ್ಮಾನಿಸುತ್ತಿದ್ದದ್ದು ತೊಟ್ಟವಳ ಬೆರಳು. ಅಮೆರಿಕದ ಮೇರಿ ಫೆಲ್ಪ್ಸ್ ಜೇಕಬ್ 1914ರಲ್ಲಿ ಪೇಟೆಂಟ್ ಪಡೆದ ಬ್ರಾ ಕೂಡ ಎರಡು ಕರವಸ್ತ್ರ ಮತ್ತು ರಿಬ್ಬನ್ನಿನಿಂದ ಶುರುವಾದದ್ದು. ಕಾರ್ಖಾನೆಗಳು ಬೆಳೆದು, 1930ರ ದಶಕದಲ್ಲಿ ಕಪ್ಪಿಗೆ ಅಕ್ಷರಗಳು ಬಂದವು. ನಮ್ಮ ಬಜಾರು ಮುಟ್ಟುವಷ್ಟರಲ್ಲಿ ಅಕ್ಷರ ಉದುರಿ ಅಂಕಿಯೊಂದೇ ಉಳಿಯಿತು.

ಇದಕ್ಕೆ ನಾಚಿಕೆಯೇ ಕಾರಣ ಎನ್ನುವವರಿದ್ದಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ಜಂಪರ್ ಹೊಲಿಸಲು ಹೋದ ಅದೇ ಹೆಂಗಸು ಎದೆ, ತೋಳು, ಕತ್ತು ಎಂದು ಎಲ್ಲ ಅಳತೆಯನ್ನೂ ನಿಂತು ಕೊಡುತ್ತಾಳೆ. ಒಂದು ನೆರಿಗೆ ಹೆಚ್ಚಾದರೂ ಬಿಚ್ಚಿಸಿ ಹೊಲಿಸುತ್ತಾಳೆ. ಜಂಪರ್ ನಾಲ್ಕು ಮಂದಿಯ ಕಣ್ಣಿಗೆ ಬೀಳುತ್ತದೆ. ಬ್ರಾ ಬೀಳುವುದಿಲ್ಲ. ಅದು ತಾಗುವುದು ತೊಟ್ಟವಳಿಗೆ ಮಾತ್ರ.

ಬಟ್ಟೆ ಯಾರ ಸಲುವಾಗಿ ಎಂಬ ಪ್ರಶ್ನೆ ಬಸವಕಲ್ಯಾಣಕ್ಕೆ ಹೊಸದಲ್ಲ. ಶೂನ್ಯಸಂಪಾದನೆಯಲ್ಲಿ ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮ ಕೇಳುತ್ತಾನೆ: ಸೀರೆಯನ್ನು ಬಿಟ್ಟವಳು ಕೂದಲಿನಿಂದ ಮೈ ಮರೆಮಾಡಿಕೊಂಡದ್ದೇಕೆ? ಕಂಡರೆ ನಿಮಗೆ ನೋವಾದೀತೆಂದು, ಎಂಬರ್ಥದ ಉತ್ತರ ಅವಳದು. ವೈರಾಗ್ಯದ ಪ್ರಸಂಗವೆಂದು ನಾವು ಇದನ್ನು ಓದುತ್ತೇವೆ. ನನಗೆ ಅದರಲ್ಲಿ ಒಂದು ಸ್ಪಷ್ಟತೆಯೂ ಕಾಣುತ್ತದೆ. ಆ ಹೊದಿಕೆ ನೋಡುವವರ ಸಲುವಾಗಿ ಇತ್ತು, ಹೊದ್ದವಳ ಸಲುವಾಗಿ ಅಲ್ಲ. ಅಕ್ಕನಿಗೆ ಅದು ಗೊತ್ತಿತ್ತು, ಗೊತ್ತಿದ್ದುದನ್ನು ಸಭೆಯಲ್ಲಿ ಹೇಳಿದಳು. ನಾವು ಅಷ್ಟನ್ನೂ ಹೇಳಿಕೊಳ್ಳುವುದಿಲ್ಲ. ಪಟ್ಟಿ ಹೊರಗೆ ಕಾಣಬಾರದು, ಬಣ್ಣ ಜಂಪರಿನಿಂದ ತೋರಬಾರದು ಎಂದು ಹುಡುಗಿಯರಿಗೆ ಕಲಿಸುತ್ತೇವೆ. ಉಸಿರು ಸಲೀಸಾಗಿ ಬರುತ್ತದೆಯೇ, ತೊಗರಿ ಹೊಲದಲ್ಲಿ ಬಗ್ಗಿ ಕಳೆ ತೆಗೆಯಲು ಆಗುತ್ತದೆಯೇ, ಬಸ್ಸಿಗೆ ಓಡಿದರೆ ನೋಯುತ್ತದೆಯೇ ಎಂದು ಕೇಳುವುದಿಲ್ಲ.

ಹಾಗಾದರೆ ಬ್ರಾ ಬೇಡವೇ ಬೇಡ ಎನ್ನಬಹುದಲ್ಲ? 1968ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಸೌಂದರ್ಯ ಸ್ಪರ್ಧೆಯನ್ನು ವಿರೋಧಿಸಿದ ಹೆಂಗಸರು ಬ್ರಾಗಳನ್ನು ಕಸದ ಡಬ್ಬಿಗೆ ಎಸೆದರು. ನನಗೆ ಅವರ ಬಗ್ಗೆ ಗೌರವವಿದೆ. ಬೇಡವಾದವರು ಬಿಡಲಿ. ಆದರೆ ಭಾರದ ಎದೆಯಿರುವ ಎಷ್ಟೋ ಹೆಂಗಸರಿಗೆ ಆಸರೆಯಿಲ್ಲದೆ ಮೆಟ್ಟಿಲಿಳಿಯುವುದೂ ನೋವಿನ ಕೆಲಸ. ಬಿಡುವ ಹಕ್ಕು, ಸರಿಯಾದದ್ದನ್ನು ಕೇಳುವ ಹಕ್ಕು, ಎರಡರ ಬೇರೂ ಒಂದೇ: ಈ ಮೈಗೆ ಏನು ಬೇಕೆಂಬುದನ್ನು ಈ ಮೈಯವಳು ಹೇಳಬೇಕು.

ಎಲ್ಲರಿಗೂ ಒಂದೇ ಡಬ್ಬಿ ಇಳಿಸುವುದು ಸಮಾನತೆಯಂತೆ ಕಾಣುತ್ತದೆ. ಅದರಿಂದ ನ್ಯಾಯ ಸಿಗುವುದು ಆ ಡಬ್ಬಿಗೆ ಹೊಂದುವವರಿಗೆ ಮಾತ್ರ. ಉಳಿದವರಿಗೆ ನ್ಯಾಯವೆಂದರೆ ಯಾರಾದರೂ ನಿಂತು ಅವರನ್ನೇ ಅಳೆಯುವುದು. ಮೊಬೈಲಿನಲ್ಲಿ ತರಿಸಿಕೊಳ್ಳಬಲ್ಲವರಿಗೆ ಈಗ ಸೈಜುಗಳು ಸಿಗುತ್ತವೆ ನಿಜ. ಮನೆಗೆ ಬಂದ ಪಾರ್ಸೆಲನ್ನು ಬೇರೆಯವರು ಒಡೆಯದ ಮನೆಯಲ್ಲಿರುವ ಭಾಗ್ಯವೂ ಅವರಿಗೆ ಬೇಕು.

ಸೂಜಿಕಾಯಕದ ರಾಮಿತಂದೆ ಎಂಬ ಶರಣನ ಹೆಸರಿನಲ್ಲೇ ಅವನ ಸೂಜಿ ಇದೆ. ಹೊಲಿಗೆಯನ್ನು ಕಾಯಕವೆಂದು ಕರೆದ ಪರಂಪರೆಯ ಊರಿನಲ್ಲಿ ನಾನು ಕೇಳುತ್ತಿರುವುದು ದೊಡ್ಡದಲ್ಲ: ಅಂಗಡಿಯ ಮೂಲೆಯಲ್ಲಿ ಒಂದು ಪರದೆ, ಒಂದು ಟೇಪು, ಅದನ್ನು ಹಿಡಿಯಲು ಬಲ್ಲ ಒಬ್ಬ ಹೆಂಗಸು.