ಮಗ್ಗುಲಾಗಿ ಒರಗಿಸಿಟ್ಟ ಮಣೆ

ಘಾನಾದ ಅಸಾಂಟೆ ಜನರಲ್ಲಿ ಒಂದು ಹಳೆಯ ರೂಢಿ. ಎದ್ದು ಹೋಗುವಾಗ ಕೂತಿದ್ದ ಪೀಠವನ್ನು ಮಗ್ಗುಲಾಗಿ ಒರಗಿಸಿ ಹೋಗಬೇಕು. ನೆಟ್ಟಗೆ ಬಿಟ್ಟರೆ ದಾರಿಯಲ್ಲಿ ಅಲೆಯುವ ಯಾವುದೋ ಆತ್ಮ ಬಂದು ಕೂತುಬಿಟ್ಟೀತು.

ಒಂದೇ ಮರದ ತುಂಡಿನಲ್ಲಿ ಕಡೆದ, ಬಿದಿಗೆ ಚಂದ್ರನಂತೆ ಬಾಗಿದ ಮಣೆ ಅದು. ಕೂತವನ ಚೇತನ, ಅವರ ಮಾತಿನಲ್ಲಿ ‘ಸುನ್ಸುಂ’, ಅದರಲ್ಲಿ ಇಳಿಯುತ್ತದೆಂದು ನಂಬಿಕೆ. ನಮ್ಮಲ್ಲಿ ಮನೆಯ ಹಿರಿಯರು ತೀರಿಕೊಂಡಾಗ ಅವರ ಕುರ್ಚಿಯಲ್ಲಿ ಕೂರಲು ನಾಲ್ಕು ದಿನ ಯಾರಿಗೂ ಮನಸ್ಸಾಗುವುದಿಲ್ಲ. ಇಲ್ಲಿ ಹೀಗೆ ಸುಮ್ಮನೆ ಬಂದು ಹೋಗುವ ಅಳುಕು ಅಲ್ಲಿ ಆಚಾರವಾಗಿ ನಿಂತಿದೆ. ಒಳ್ಳೆಯ ಹೆಸರು ಉಳಿಸಿ ಸತ್ತ ಒಡೆಯನ ಪೀಠಕ್ಕೆ ಮಸಿ ಬಳಿದು, ಕಪ್ಪಾಗಿಸಿ, ಪೀಠದ ಮನೆಯಲ್ಲಿ ಇಡುತ್ತಾರೆ. ಹಬ್ಬದ ದಿನ ಅದಕ್ಕೆ ಎಡೆ ಸಲ್ಲುತ್ತದೆ. ರಾಜನ ಆಸನಕ್ಕೂ ಗುರುವಿನ ಸಮಾಧಿಗೂ ‘ಗದ್ದುಗೆ’ ಎಂಬ ಒಂದೇ ಮಾತನ್ನು ಇಟ್ಟುಕೊಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಂಥ ಪೀಠಗಳ ನಡುವೆ ಒಂದರ ಮೇಲೆ ಮಾತ್ರ ಯಾರೂ ಕೂರುವಂತಿಲ್ಲ. ಹದಿನೆಂಟನೆಯ ಶತಮಾನ ಮೊದಲಾಗುವ ಹೊತ್ತಿಗೆ ರಾಜ ಒಸೆಯಿ ಟುಟು ಚದುರಿದ್ದ ನಾಡುಗಳನ್ನು ಒಗ್ಗೂಡಿಸುತ್ತಿದ್ದಾಗ, ಅವನ ಪುರೋಹಿತ ಒಕೊಂಫೊ ಅನೊಕ್ಯೆ ಆಕಾಶದಿಂದ ಚಿನ್ನದ ಪೀಠವನ್ನು ಇಳಿಸಿದನೆಂದು ಐತಿಹ್ಯ. ಅದು ರಾಜನದಲ್ಲ. ಸತ್ತವರು, ಬದುಕಿರುವವರು, ಇನ್ನೂ ಹುಟ್ಟಬೇಕಾದವರು, ಇಡೀ ಅಸಾಂಟೆಯ ಸುನ್ಸುಂ ಅದರಲ್ಲಿದೆ. ಪಟ್ಟಕ್ಕೆ ಬರುವ ರಾಜನನ್ನು ಅದರ ಮೇಲೆ ಮೂರು ಸಲ ಇಳಿಸಿದಂತೆ ಮಾಡಿ ಎತ್ತುತ್ತಾರೆ, ಮೈ ತಾಕಬಾರದು. ಅಧಿಕಾರವೆಂದರೆ ಇಷ್ಟು ಹತ್ತಿರ, ಇದಕ್ಕಿಂತ ಹತ್ತಿರ ಇಲ್ಲ. ಕುರ್ಚಿಗೆ ಅಂಟಿಕೊಂಡವರನ್ನೇ ದಿನವೂ ನೋಡುವ ಕಣ್ಣಿಗೆ ಆ ಬೆರಳಗಲದ ತೆರವು ಬಹಳ ದೊಡ್ಡದಾಗಿ ಕಾಣುತ್ತದೆ.

ಬ್ರಿಟಿಷ್ ಗವರ್ನರ್ ಫ್ರೆಡರಿಕ್ ಹಾಡ್ಜ್‌ಸನ್‌ಗೆ ಆ ತೆರವು ಕಾಣಲಿಲ್ಲ. 1896ರಲ್ಲೇ ರಾಜ ಪ್ರೆಂಪೆಯನ್ನು ಹಿಡಿದು ಗಡೀಪಾರು ಮಾಡಿಯಾಗಿತ್ತು. 1900ರ ಮಾರ್ಚ್‌ನಲ್ಲಿ ಕುಮಾಸಿಗೆ ಬಂದ ಹಾಡ್ಜ್‌ಸನ್, ಸೇರಿದ್ದ ನಾಯಕರ ಮುಂದೆ, ಆ ಚಿನ್ನದ ಪೀಠವೆಲ್ಲಿ, ನಾನೇಕೆ ಈಗ ಅದರ ಮೇಲೆ ಕೂತಿಲ್ಲ ಎಂದು ಕೇಳಿದ. ಅವನ ಲೆಕ್ಕದಲ್ಲಿ ಅದು ಸಿಂಹಾಸನ. ಗೆದ್ದವನು ಕೂರುವುದು ನ್ಯಾಯ. ಕೇಳಿದವರ ಕಿವಿಗೆ ಅದು ಹೇಗೆ ಬಿದ್ದಿರಬಹುದು! ಆ ಮಾತಿಗೆ ಸಭೆಯಲ್ಲಿ ಯಾರೂ ಉತ್ತರ ಕೊಡಲಿಲ್ಲವಂತೆ. ಕೆಲವೇ ದಿನಗಳಲ್ಲಿ ಯುದ್ಧ ಹೊತ್ತಿತು. ಎಜಿಸುವಿನ ರಾಜಮಾತೆ ಯಾ ಅಸಾಂಟೆವಾ ಮುಂದೆ ನಿಂತಳು. ಗವರ್ನರ್ ತನ್ನದೇ ಕೋಟೆಯೊಳಗೆ ಸಿಕ್ಕಿಬಿದ್ದು, ಜೂನ್‌ನಲ್ಲಿ ಹೇಗೋ ತಪ್ಪಿಸಿಕೊಂಡು ಕರಾವಳಿ ಸೇರಿದ. ಕೊನೆಗೆ ಅಸಾಂಟೆ ಸೋತಿತು. ಯಾ ಅಸಾಂಟೆವಾ ಸೆಶೆಲ್ಸ್ ದ್ವೀಪದಲ್ಲಿ ಸೆರೆಯಾಗಿದ್ದು 1921ರಲ್ಲಿ ಅಲ್ಲೇ ಕಣ್ಣು ಮುಚ್ಚಿದಳು. ಪೀಠ ಮಾತ್ರ ಸಿಗಲಿಲ್ಲ. ಅದು ಮಣ್ಣಿನಡಿ ಇತ್ತು.

ಅದೇ ವರ್ಷ ರಸ್ತೆ ಅಗೆಯುವವರ ಕೈಗೆ ಅದು ತಾಕಿತು. ಕೆಲವರು ಚಿನ್ನದ ಒಡವೆಗಳನ್ನು ಕಿತ್ತು ಮಾರಿಕೊಂಡರು. ನಾಡಿಗೆ ನಾಡೇ ಸೂತಕ ಹಿಡಿದಂತೆ ಕುದಿಯಿತು. ಇಷ್ಟು ಹೊತ್ತಿಗೆ ಸರ್ಕಾರವೂ ಪಾಠ ಕಲಿತಿತ್ತು. ಅಸಾಂಟೆಯ ಬದುಕನ್ನು ಹತ್ತಿರದಿಂದ ಓದಿದ್ದ ಅಧಿಕಾರಿ ರ‍್ಯಾಟ್ರೆಯಂಥವರು ಆ ಪೀಠದ ಅರ್ಥವನ್ನು ಮೇಲಿನವರಿಗೆ ಬಿಡಿಸಿ ಹೇಳಿದ್ದರು. ಪೀಠ ನಮಗೆ ಬೇಡ ಎಂದು ಸರ್ಕಾರ ಸಾರಿತು. ಕಳ್ಳರನ್ನು ಊರು ಬಿಡಿಸಿತು. ಮರುವರ್ಷ ಇಂಗ್ಲೆಂಡಿನ ರಾಜಕುಮಾರಿ ಮೇರಿಯ ಮದುವೆಗೆ ಅಸಾಂಟೆಯ ರಾಜಮಾತೆಯರು ಒಂದು ಬೆಳ್ಳಿಯ ಪೀಠವನ್ನು ಉಡುಗೊರೆ ಕಳಿಸಿದರು. ಕಿತ್ತುಕೊಳ್ಳಲು ಬಂದವರ ಮನೆಯ ಮಗಳಿಗೆ, ಕೂತುಕೊಳ್ಳಮ್ಮಾ ಎಂದು ಮಣೆ ಹಾಕಿದ ಹೆಂಗಸರು! ಇದು ಕ್ಷಮೆಯೋ, ಮರ್ಯಾದೆಯೋ, ಮೆಲುದನಿಯ ಪಾಠವೋ, ಮೂರೂ ಇರಬಹುದು.

ಪೀಠ ಉಳಿಯಿತು, ಎಲ್ಲವೂ ಉಳಿಯಲಿಲ್ಲ. ಬ್ರಿಟಿಷರ 1874ರ ದಂಡಯಾತ್ರೆಯಲ್ಲಿ ಅಸಾಂಟೆಯಿಂದ ಲೂಟಿಯಾದ ಎಷ್ಟೋ ಚಿನ್ನದ ಆಭರಣಗಳು ಲಂಡನ್ನಿನ ಗಾಜಿನ ಕಪಾಟು ಸೇರಿದವು. ಬ್ರಿಟಿಷ್ ಮ್ಯೂಸಿಯಂ ಮತ್ತು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗಳಿಂದ 32 ವಸ್ತುಗಳು 2024ರಲ್ಲಿ ಕುಮಾಸಿಯ ಮನ್ಹಿಯಾ ಅರಮನೆಗೆ ಬಂದವು, ಸಾಲವಾಗಿ. ತಮ್ಮ ಅಜ್ಜಂದಿರ ಒಡವೆಯನ್ನು ಗಡುವು ಹಾಕಿಸಿಕೊಂಡು ನೋಡುವವರ ಮನಸ್ಸನ್ನು ನಾನು ಊಹಿಸಲಾರೆ.

ಚಿನ್ನದ ಪೀಠ ಅಲ್ಲೇ ಇದೆ. ಅಪರೂಪಕ್ಕೆ, ದೊಡ್ಡ ಉತ್ಸವಗಳಂದು ಹೊರಗೆ ಬರುತ್ತದೆ. ನೆಲಕ್ಕೆ ಇಡುವುದಿಲ್ಲ, ರಾಜನ ಪಕ್ಕದಲ್ಲಿ ಅದಕ್ಕೇ ಒಂದು ಬೇರೆ ಕುರ್ಚಿ ಹಾಕುತ್ತಾರೆ. ಆ ಕುರ್ಚಿಯ ಮೇಲೂ ಅದು ನೆಟ್ಟಗೆ ಕೂರುವುದಿಲ್ಲ. ಈಗಷ್ಟೇ ಯಾರೋ ಎದ್ದು ಹೋದಂತೆ, ಮಗ್ಗುಲಾಗಿ ಒರಗಿರುತ್ತದೆ.