ತಪ್ಪು ಯಾರದು?

ನಂಜನಗೂಡಿನ ಬಳಿಯ ಕಳಲೆಯಲ್ಲೋ, ಅಂಥದೇ ಇನ್ನೊಂದು ಊರಿನಲ್ಲೋ ತಿಂಗಳು ತುಂಬುವ ಮೊದಲೇ ಹೆರಿಗೆಯಾದ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಕೂಸು ಮೈಸೂರಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದೆ. ನೋಡಲು ಬಂದವರ ಬಾಯಿಂದ ಮೊದಲು ಹೊರಡುವ ಮಾತು ಯಾವುದು? ಭಾರದ ಬಿಂದಿಗೆ ಎತ್ತಿದಳೇನೋ, ಪರಂಗಿ ಹಣ್ಣು ತಿಂದಳೇನೋ, ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಳೇನೋ! ಹೆರಿಗೆಯ ನೋವು ಆರುವ ಮೊದಲೇ ತಾಯಿ ಆರೋಪಿಯಾಗಿ ನಿಲ್ಲುತ್ತಾಳೆ.

ಇದು ಹಳೆಯ ಪ್ರಶ್ನೆ. ಹುಟ್ಟುಕುರುಡನ ಸ್ಥಿತಿಗೆ ಅವನ ಪಾಪ ಕಾರಣವೋ, ಹೆತ್ತವರದೋ ಎಂದು ಶಿಷ್ಯರು ವಿಚಾರಿಸಿದ್ದನ್ನು ಯೊವಾನ್ನರ ಶುಭಸಂದೇಶದಲ್ಲಿ ಓದಿದ್ದೇವೆ. ಯೇಸು ಎರಡನ್ನೂ ಒಪ್ಪಲಿಲ್ಲ.

ವೈದ್ಯಶಾಸ್ತ್ರವೂ ಕಾರಣವನ್ನು ಹುಡುಕುತ್ತದೆ, ಹುಡುಕಲೇಬೇಕು. 37 ವಾರ ತುಂಬದೆ ಹುಟ್ಟಿದ ಕೂಸನ್ನು ಅವಧಿಪೂರ್ವ ಶಿಶು ಎನ್ನುತ್ತಾರೆ. 2020ರಲ್ಲಿ ಭಾರತದಲ್ಲಿ ಇಂಥ ಸುಮಾರು 30 ಲಕ್ಷ ಶಿಶುಗಳು ಜನಿಸಿದವೆಂದು ಅಂದಾಜು. ಎಷ್ಟೋ ಸಲ ಕಾರಣ ತಿಳಿಯುವುದೇ ಇಲ್ಲ. ತಿಳಿದಿರುವ ಕಾರಣಗಳಲ್ಲಿ ಉರಿಯೂತ ಮುಖ್ಯವಾದುದು. ಗಾಯವಾದ ಬೆರಳು ಕೆಂಪೇರಿ ಊದಿಕೊಳ್ಳುವುದು ದೇಹವು ತನ್ನನ್ನು ಕಾಪಾಡಿಕೊಳ್ಳುವ ಬಗೆ. ರೋಗಾಣುಗಳು ಸೇರಿ ಗರ್ಭದ ಪೊರೆಗಳಲ್ಲಿ ಇದೇ ಕ್ರಿಯೆ ನಡೆದಾಗ ಹೆರಿಗೆ ಬೇಗನೆ ಆರಂಭವಾಗಬಹುದು. ತಾಯಿಗೆ ಜ್ವರವಾಗಲಿ ನೋವಾಗಲಿ ಇಲ್ಲದೆಯೂ ಇದು ಸಾಗಬಹುದು. ಹುಟ್ಟಿದ ಮೇಲೂ ರಕ್ತದ ಸೋಂಕು, ಕರುಳಿನ ಬೇನೆ, ಕೃತಕ ಉಸಿರಾಟದ ಒತ್ತಡಗಳಿಂದ ಉರಿಯೂತ ಮುಂದುವರಿಯಬಹುದು. ಎಳೆಯ ಮಿದುಳು ವೇಗವಾಗಿ ಬೆಳೆಯುವ ವಾರಗಳೂ ಅವೇ.

ಅಮೆರಿಕದಲ್ಲಿ 2002ರಿಂದ 2004ರವರೆಗೆ 28 ವಾರಕ್ಕೂ ಮುನ್ನ ಹುಟ್ಟಿದ ಶಿಶುಗಳ ರಕ್ತವನ್ನು ಮೊದಲ ವಾರಗಳಲ್ಲಿ ಸಂಗ್ರಹಿಸಿ, ಹತ್ತನೆಯ ವಯಸ್ಸಿನಲ್ಲಿ ಅವರ ಬುದ್ಧಿಯ ಬೆಳವಣಿಗೆಯನ್ನು ಪರೀಕ್ಷಿಸಿದರು. ಉರಿಯೂತದ ಗುರುತುಗಳು ಒಂದಕ್ಕಿಂತ ಹೆಚ್ಚು ದಿನ ಕಂಡಿದ್ದ ಮಕ್ಕಳಲ್ಲಿ ತೊಡಕುಗಳು ಹೆಚ್ಚಾಗಿದ್ದವು. ಹೆಚ್ಚು ಎಂದರೆ ಎಲ್ಲರಲ್ಲೂ ಎಂದು ಅರ್ಥವಲ್ಲ. ಅಪಾಯವನ್ನು ಹಣೆಬರಹವೆಂದು ಓದಬಾರದು.

ಕಾರಣ ತಿಳಿದಾಗ ನಾವು ಏನು ಮಾಡುತ್ತೇವೆ ಎಂಬುದೇ ನೈತಿಕ ಪ್ರಶ್ನೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅಂದರೆ ಜನರ ಬಾಯಿನ ಮಿಷನ್ ಆಸ್ಪತ್ರೆ, 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿತ್ತು. ಹಲವು ದಶಕಗಳ ನಂತರ ಸಂಶೋಧಕರು ಆ ದಾಖಲೆ ಹಿಡಿದು 517 ಮಂದಿಯನ್ನು ಪರೀಕ್ಷಿಸಿದರು. ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲಿಯೂ, ತೂಕ ಕಡಿಮೆಯಿದ್ದ ತಾಯಂದಿರ ಮಕ್ಕಳಲ್ಲಿಯೂ ಹೃದ್ರೋಗ ಹೆಚ್ಚಾಗಿತ್ತೆಂದು 1996ರಲ್ಲಿ ಪ್ರಕಟಿಸಿದರು. ಅದು ಉರಿಯೂತದ ಅಧ್ಯಯನವಲ್ಲ. ಆದರೂ ನಮ್ಮನ್ನು ಒಂದು ಮಾತು ಕೇಳುತ್ತದೆ. ತಾಯಿಯ ತಟ್ಟೆಗೆ ಏನು ಬಿತ್ತು ಎಂಬುದನ್ನು ಅವಳೊಬ್ಬಳೇ ನಿರ್ಧರಿಸಿದಳೇ? ಎಲ್ಲರೂ ಉಂಡ ಮೇಲೆ ಬಸುರಿ ಉಣ್ಣುವ ಮನೆಯಲ್ಲಿ, ಉರಿಮೂತ್ರವೆಂದು ಹೇಳಿದರೂ ಆಸ್ಪತ್ರೆಗೆ ಕರೆದೊಯ್ಯದ ಮನೆಯಲ್ಲಿ ಹೊಣೆ ಯಾರದು? ಕಾರಣದ ಅರಿವು ನಮ್ಮೆಲ್ಲರ ಬಾಗಿಲಿಗೂ ಬರುತ್ತದೆ.

ದೂಷಣೆಯ ಬೆಲೆ ತೆರುವುದು ಮಗುವೇ. ನಾಚಿಕೆಪಟ್ಟ ಮನೆ ತೊಡಕನ್ನು ಮುಚ್ಚಿಡುತ್ತದೆ. ತಿಂಗಳೊಳಗೆ ಆಗಬೇಕಾದ ಕಣ್ಣಿನ ಪರೀಕ್ಷೆ ತಪ್ಪುತ್ತದೆ. 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲೇ ಇದ್ದರೂ, ಮಾತು ತಡವಾದ ಮಗು ಅಲ್ಲಿಗೆ ತಲುಪುವುದಿಲ್ಲ. ಕಲಿಸಿದರೆ ಬೇಗ ಕಲಿಯುವ ವರುಷಗಳು ಹಾಗೆಯೇ ಕಳೆದುಹೋಗುತ್ತವೆ.

ಮಾಡಬಹುದಾದುದು ಬಹಳವಿದೆ. ತಾಯಿಯ ಹಾಲು ಕರುಳಿನ ಉರಿಯೂತದಿಂದ ಕಾಪಾಡುತ್ತದೆ. ಕೂಸನ್ನು ಬರಿಯ ಎದೆಗೆ ಅಪ್ಪಿಕೊಳ್ಳುವ ಕಾಂಗರೂ ಆರೈಕೆಯನ್ನು ಹುಟ್ಟಿದ ಕೂಡಲೇ ಆರಂಭಿಸಿದಾಗ, 1.8 ಕಿಲೋಗಿಂತ ಕಡಿಮೆ ತೂಕದ ಶಿಶುಗಳಲ್ಲಿ ಮೊದಲ 28 ದಿನಗಳ ಸಾವು ಶೇಕಡ 15.7ರಿಂದ 12ಕ್ಕೆ ಇಳಿಯಿತೆಂದು ಭಾರತವೂ ಸೇರಿದ ಐದು ದೇಶಗಳ ಅಧ್ಯಯನವೊಂದು 2021ರಲ್ಲಿ ತಿಳಿಸಿತು. ಹೀಗೆ ಅಪ್ಪಿಕೊಳ್ಳಲು ತಾಯಿಯೇ ಆಗಬೇಕೆಂದಿಲ್ಲ. ತಂದೆಯಾಗಬಹುದು, ಅಜ್ಜಿಯಾಗಬಹುದು.

ಓದುಗರೇ, ಮುಂದೊಮ್ಮೆ ಅಂಥ ಮನೆಗೆ ಹೋದಾಗ ತಪ್ಪು ಯಾರದೆಂದು ಕೇಳಬೇಡಿ. ಬಾಣಂತಿ ಉಂಡಳೇ ಎಂದು ಕೇಳಿ. ಇನ್ನೊಂದು ಗಳಿಗೆ ಕೂಸನ್ನು ಎದೆಗಪ್ಪಿಕೊಳ್ಳುವ ಸರದಿ ಯಾರದೆಂದು ಕೇಳಿ.