ಹಿಮಕ್ಕೊಂದು ಸ್ಪೋರ್ಟ್ಸ್ ಕಾರು

ಮಾಂಟ್ರಿಯಲ್‌ನಲ್ಲಿ ಇದ್ಕೊಂಡು ಸ್ಪೋರ್ಟ್ಸ್ ಕಾರು ತಗೋತೀನಿ, ಅದನ್ನೇ ವರ್ಷವಿಡೀ ಓಡಿಸ್ತೀನಿ ಅಂದ್ರೆ ಇಲ್ಲಿನ ಜನ ನಿಮ್ಮನ್ನ ಎರಡು ಥರ ನೋಡ್ತಾರೆ. ಒಂದು, ಪಾಪ ಹೊಸಬ, ಚಳಿಗಾಲ ಇನ್ನೂ ನೋಡಿಲ್ಲ ಅಂತ. ಇನ್ನೊಂದು, ನೋಡಿದ ಮೇಲೂ ಹೀಗಂತಾನಲ್ಲ ಅಂತ. ಇಲ್ಲಿ ಆರು ಚಳಿಗಾಲ ಕಳೆದಿರೋ ನಾನು ಎರಡನೇ ಗುಂಪಿಗೆ ಸೇರಿದವನು.

ಇಲ್ಲಿ ಸ್ಪೋರ್ಟ್ಸ್ ಕಾರು ಇರೋರು ಸಾಮಾನ್ಯವಾಗಿ ಏನ್ಮಾಡ್ತಾರೆ ಗೊತ್ತಾ? ನವೆಂಬರ್ ಬರ್ತಿದ್ದ ಹಾಗೆ ಅದನ್ನ ತೊಳೆದು, ಒರೆಸಿ, ಹೊದಿಕೆ ಹೊದಿಸಿ ಗ್ಯಾರೇಜಲ್ಲಿ ಮಲಗಿಸ್ತಾರೆ. ಏಪ್ರಿಲ್‌ನಲ್ಲಿ ಎಬ್ಬಿಸ್ತಾರೆ. ನಡುವಿನ ತಿಂಗಳುಗಳಿಗೆ ಒಂದು ಹಳೇ ಕಾರು. ಮುದ್ದಿನದು ಒಳಗೆ, ದುಡಿಯೋದು ಹೊರಗೆ. ರಸ್ತೆಗೆ ಸುರಿಯೋ ಉಪ್ಪು ಕಾರಿನ ಹೊಟ್ಟೆಯ ಕೆಳಗೆ ಸೇರಿ ಕಬ್ಬಿಣ ತಿನ್ನುತ್ತೆ, ಹಾಗಾಗಿ ಅವರು ಮಾಡೋದರಲ್ಲಿ ತಪ್ಪೇನಿಲ್ಲ. ಆದ್ರೆ ನನಗಿರೋದು ಒಂದೇ ಪಾರ್ಕಿಂಗ್ ಜಾಗ, ಒಂದೇ ಸಂಬಳ. ಅದಕ್ಕಿಂತ ಹೆಚ್ಚಾಗಿ, ಇಷ್ಟಪಟ್ಟ ವಸ್ತುವನ್ನ ಒಳ್ಳೇ ದಿನಗಳಿಗೆ ಮಾತ್ರ ಎತ್ತಿಡೋದು ನನಗೆ ಬೆಳೆದು ಬಂದ ಅಭ್ಯಾಸ ಅಲ್ಲ.

ಅದಕ್ಕೆ ಕಾರಣ ಅಪ್ಪನ ಯೆಜ್ಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ ಬೈಕು. ಅಪ್ಪ ಸಾಗರದ ಹತ್ತಿರದ ಒಂದು ಹಳ್ಳಿ ಶಾಲೆಯಲ್ಲಿ ಮೇಷ್ಟ್ರು. ಮಲೆನಾಡಿನ ಜೂನ್, ಜುಲೈ ಮಳೆ ಹೇಗಿರುತ್ತೆ ಅಂತ ಬೇರೆ ಹೇಳಬೇಕಾಗಿಲ್ಲ. ಆ ಮಳೆಯಲ್ಲೂ ಅದೇ ಗಾಡಿ. ಅದರ ಡ್ರಮ್ ಬ್ರೇಕಿಗೆ ನೀರು ಹೋದ್ರೆ ಬ್ರೇಕು ಹಿಡಿಯೋದೇ ಇಲ್ಲ. ರಸ್ತೆ ಮೇಲೆ ಹರಿಯೋ ನೀರು ದಾಟಿದ ಮೇಲೆ ಅಪ್ಪ ಸ್ವಲ್ಪ ದೂರ ಬ್ರೇಕು ಮೆಲ್ಲಗೆ ಒತ್ತಿಕೊಂಡೇ ಹೋಗಿ ಅದನ್ನ ಒಣಗಿಸೋರು. ಹಿಂದೆ ಕೂತ ನನಗೆ ಬೇಜಾರು, ಬೇಗ ಹೋಗ್ಬಾರ್ದಾ ಅಂತ. "ನಿಲ್ಸೋಕಾಗುತ್ತೋ ಇಲ್ವೋ ನೋಡ್ಕೊಳ್ದೆ ಹೆಂಗೆ ಹೋಗೋದು ಮಾರಾಯ?" ಅನ್ನೋರು. ಹಳ್ಳ ತುಂಬಿದ ದಿನ ಗಾಡಿ ಮನೇಲಿ ಬಿಟ್ಟು ಕೊಡೆ ಹಿಡಿದು ನಡೆದೇ ಹೊರಡೋರು. ಈ ಮಾತು ನನಗೆ ಮತ್ತೆ ನೆನಪಾಗೋಕೆ ಇಪ್ಪತ್ತು ವರ್ಷ ಮತ್ತು ಒಂದು ಹಿಮದ ಬೆಳಿಗ್ಗೆ ಬೇಕಾಯ್ತು.

ಕ್ಯೂಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರ ತನಕ ಕಾರಿಗೆ ಚಳಿಗಾಲದ ಟೈರ್ ಹಾಕಿರಲೇಬೇಕು. ಕಾನೂನು. ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಒಂದು ಹಿಮದ ಹರಳು, ಆ ಗುರುತು ಇರಬೇಕು. ನನ್ನ ಬಳಿ ಆಗ ಇದ್ದದ್ದು ಆಲ್ ವೀಲ್ ಡ್ರೈವ್ ಇರೋ ಒಂದು ಹಳೇ ಎಸ್‌ಯುವಿ. ನವೆಂಬರ್ 20ರ ಆಸುಪಾಸು. ಟೈರ್ ಬದಲಿಸೋಕೆ ಇನ್ನೂ ಹತ್ತು ದಿನ ಇದೆ ಅಂತ ಆರಾಮಾಗಿದ್ದೆ. ರಾತ್ರಿ ಮೊದಲ ಹಿಮ ಬಿತ್ತು.

ನಾನಿರೋ ಬಡಾವಣೆ ಕೋಟ್-ದೆ-ನೇಜ್. ಫ್ರೆಂಚಿನಲ್ಲಿ ಹಾಗಂದ್ರೆ ಹಿಮದ ಇಳಿಜಾರು ಅಂತಲೇ ಅರ್ಥ. ಬೆಳಿಗ್ಗೆ ಕಾರು ಹಿಮದಿಂದ ಒಂಚೂರೂ ಒದ್ದಾಡದೆ ಎದ್ದು ಬಂತು. ಪಕ್ಕದವನ ಕಾರಿನ ಚಕ್ರ ಸುಮ್ಮನೆ ತಿರುಗ್ತಾ ಇತ್ತು, ನಾನು ಅವನನ್ನ ದಾಟಿ ಹೋದೆ. ಸುಳ್ಳು ಯಾಕೆ ಹೇಳಲಿ, ಖುಷಿಯಾಯ್ತು. ಇಳಿಜಾರಿನ ಕೊನೆಗೆ "ಅರೆ" ಅನ್ನೋ ಕೆಂಪು ಫಲಕ, ನಮ್ಮ ಸ್ಟಾಪ್ ಸೈನು. ಬ್ರೇಕು ಒತ್ತಿದೆ. ಕಾಲಡಿ ಪೆಡಲ್ಲು ಗಡಗಡ ಅಂತು, ಕಾರು ನಿಲ್ಲಲಿಲ್ಲ. ವಾಕರ್ ಹಿಡಿದ ಒಬ್ಬ ವಯಸ್ಸಾದ ಹೆಂಗಸು ಆಗಷ್ಟೇ ರಸ್ತೆಗೆ ಇಳಿದಿದ್ದರು. ಕಾರು ಗೆರೆ ದಾಟಿ, ಅವರು ನಡೆಯಬೇಕಾಗಿದ್ದ ಪಟ್ಟೆಗಳ ಮಧ್ಯ ಬಂದು ನಿಂತಿತು. ಅವರು ಒಂದು ಹೆಜ್ಜೆ ಹಿಂದೆ ಸರಿದಿದ್ದರು. ಅಷ್ಟೇ. ಏನೂ ಆಗಲಿಲ್ಲ. ಬೈಯಲೂ ಇಲ್ಲ. ನನ್ನನ್ನ ನೋಡಿದರು, ಕಾರಿನ ಮುಂದಿನಿಂದ ಸುತ್ತಿ ಮೆಲ್ಲಗೆ ದಾಟಿ ಹೋದರು.

ಕಾನೂನಿನ ಪ್ರಕಾರ ನನ್ನ ಟೈರು ಅವತ್ತು ಸರಿಯಾಗೇ ಇತ್ತು. ಈ ಮಾತನ್ನ ನನಗೆ ನಾನೇ ಎಷ್ಟು ಸಲ ಹೇಳಿಕೊಂಡೆನೋ. ಆದ್ರೆ ಆ ಹೆಜ್ಜೆ ಹಿಂದೆ ಇಟ್ಟಿದ್ದು ನಾನಲ್ಲ, ಅವರು. ನನ್ನ ಹತ್ತು ದಿನದ ಸೋಮಾರಿತನದ ಬಿಲ್ಲನ್ನ ಅವರು ಕಟ್ಟಿದ್ರು.

ಅವತ್ತು ಸಂಜೆ ಕೂತು, ಇಷ್ಟು ವರ್ಷ ಗೊತ್ತಿದೆ ಅಂದ್ಕೊಂಡಿದ್ದನ್ನ ಸರಿಯಾಗಿ ಓದಿಕೊಂಡೆ. ಆಲ್ ವೀಲ್ ಡ್ರೈವ್ ಮಾಡೋದು ಒಂದೇ ಕೆಲಸ: ಎಂಜಿನ್ನಿನ ಶಕ್ತಿಯನ್ನ ನಾಲ್ಕೂ ಚಕ್ರಕ್ಕೆ ಹಂಚೋದು. ಹೊರಡೋಕೆ, ಏರು ಹತ್ತೋಕೆ ಅದು ನಿಜವಾಗ್ಲೂ ದೊಡ್ಡ ಸಹಾಯ. ಆದ್ರೆ ಬ್ರೇಕು ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೇ ಇರುತ್ತೆ. ನಿಲ್ಲಿಸೋ ಕೆಲಸ ಟೈರಿನದ್ದು, ಅಂದ್ರೆ ರಸ್ತೆಗೆ ಅಂಟಿಕೊಂಡಿರೋ ಅಂಗೈಯಷ್ಟಗಲದ ನಾಲ್ಕು ತುಂಡು ರಬ್ಬರಿನದ್ದು. ತಾಪಮಾನ 7 ಡಿಗ್ರಿಗಿಂತ ಕೆಳಗಿಳಿದ್ರೆ ಬೇಸಿಗೆ ಟೈರಿನ ರಬ್ಬರು ಗಟ್ಟಿಯಾಗುತ್ತಾ ಹೋಗುತ್ತೆ, ಹಿಡಿತ ಕಳೆದುಕೊಳ್ಳುತ್ತೆ. ಚಳಿಗಾಲದ ಟೈರಿನ ರಬ್ಬರು ಆ ಚಳಿಯಲ್ಲೂ ಮೆತ್ತಗಿರುತ್ತೆ. ಮತ್ತೊಂದು, ವೇಗ ಅರ್ಧ ಮಾಡಿದ್ರೆ ಬ್ರೇಕು ಒತ್ತಿದ ಮೇಲೆ ಜಾರೋ ದೂರ ಕಾಲುಭಾಗಕ್ಕೆ ಇಳಿಯುತ್ತೆ. ಇದು ಹೈಸ್ಕೂಲಿನ ಭೌತಶಾಸ್ತ್ರ. ಪರೀಕ್ಷೆಯಲ್ಲಿ ಬರೆದಿದ್ದೆ, ರಸ್ತೆಯಲ್ಲಿ ಮರೆತಿದ್ದೆ.

ಎಸ್‌ಯುವಿ ಮುದಿಯಾಗಿತ್ತು, ಮಾರಿದೆ. ಸ್ಪೋರ್ಟ್ಸ್ ಕಾರಿನ ಹಳೇ ಆಸೆ ಮತ್ತೆ ಎದ್ದು ಕೂತಿದ್ದು ಆಗ. ಸ್ನೇಹಿತರ ಸಲಹೆ ಒಂದೇ: "ತಗೊಳ್ಳೋದಿದ್ರೆ ಡಬ್ಲ್ಯುಆರ್‌ಎಕ್ಸ್ ತಗೋ. ಟರ್ಬೊ ಇದೆ, ನಾಲ್ಕು ಚಕ್ರಕ್ಕೂ ಶಕ್ತಿ ಇದೆ, ಹಿಮಕ್ಕೆ ಹೇಳಿ ಮಾಡಿಸಿದ್ದು." ಖಂಡಿತ ನಿಜ. ಒಳ್ಳೇ ಚಳಿಗಾಲದ ಟೈರು ಹಾಕಿದ ಡಬ್ಲ್ಯುಆರ್‌ಎಕ್ಸ್‌ಗಿಂತ ಜಾಣ ಆಯ್ಕೆ ಈ ಊರಿಗೆ ಬಹುಶಃ ಇಲ್ಲ. ನನ್ನ ಮನಸ್ಸಿದ್ದದ್ದು ಅದೇ ಸುಬರು ಕಂಪನಿಯ ಬಿಆರ್‌ಝಡ್ ಮೇಲೆ. ಎರಡು ಬಾಗಿಲು, 2.4 ಲೀಟರ್ ಎಂಜಿನ್, 228 ಅಶ್ವಶಕ್ತಿ, ಶಕ್ತಿಯೆಲ್ಲ ಹಿಂದಿನ ಚಕ್ರಕ್ಕೆ. ನೆಲದಿಂದ ಸುಮಾರು 13 ಸೆಂಟಿಮೀಟರ್ ಎತ್ತರ ಅಷ್ಟೇ.

ಹಿಂದಿನ ಚಕ್ರದ ಕಾರು ಹಿಮಕ್ಕೆ ಆಗಲ್ಲ ಅನ್ನೋದು ಪೂರ್ತಿ ನಿಜ ಅಲ್ಲ. ಹಿಮ, ಮಂಜುಗಡ್ಡೆಗೆ ಹೆಸರಾದ ಮಾಂಟೆ ಕಾರ್ಲೊ ರ‍್ಯಾಲಿಯನ್ನ 1968, 1969, 1970, ಮೂರು ವರ್ಷ ಸತತವಾಗಿ ಗೆದ್ದದ್ದು ಪೋರ್ಶೆ 911. ಅದೂ ಹಿಂದಿನ ಚಕ್ರದ್ದೇ. ಆದ್ರೆ ಅದರ ಎಂಜಿನ್ ಹಿಂದಿತ್ತು, ಭಾರ ಚಕ್ರದ ಮೇಲಿತ್ತು, ಓಡಿಸಿದವರು ನಾನಲ್ಲ. ಬಿಆರ್‌ಝಡ್‌ನ ಎಂಜಿನ್ ಮುಂದಿದೆ. ಏರಿನಲ್ಲಿ ಅದು ಒದ್ದಾಡುತ್ತೆ, ಬಾಲ ಅಲ್ಲಾಡಿಸುತ್ತೆ.

ನನಗೆ ಬೇಕಾಗಿದ್ದು ಆ ಒದ್ದಾಟವೇ. ನನ್ನ ಸ್ವಭಾವ ನನಗೆ ಗೊತ್ತು. ಸಲೀಸಾಗಿ ಹೊರಡೋ ಕಾರು ಕೊಟ್ರೆ ನನಗೆ ಸೊಕ್ಕು ಬರುತ್ತೆ. ಆ ನವೆಂಬರ್ ಬೆಳಿಗ್ಗೆ ಪಕ್ಕದವನನ್ನ ದಾಟಿ ಹೋಗುವಾಗ ಬಂದಿದ್ದು ಅದೇ. ರಸ್ತೆ ಎಷ್ಟು ಜಾರ್ತಾ ಇದೆ ಅನ್ನೋದನ್ನ ಆ ಎಸ್‌ಯುವಿ ನನ್ನಿಂದ ಮುಚ್ಚಿಟ್ಟಿತ್ತು, ಬ್ರೇಕು ಒತ್ತೋ ತನಕ. ಮನೆ ಮುಂದೆ ಹೊರಡುವಾಗಲೇ ಕಾರು ಜಾರಿದ್ರೆ, ಇವತ್ತಿನ ರಸ್ತೆ ಹೀಗಿದೆ ಅಂತ ಮೊದಲ ಹತ್ತು ಅಡಿಯಲ್ಲೇ ಗೊತ್ತಾಗುತ್ತೆ.

ಹೆಂಡತಿ ಇದನ್ನೆಲ್ಲ ಕೇಳಿ, "ಆಸೆಗೆ ತತ್ವದ ಅಂಗಿ ತೊಡಿಸ್ತಿದ್ದೀಯ" ಅಂದಳು. ಸ್ವಲ್ಪ ನಿಜ. ಸುರಕ್ಷತೆಯೇ ಮುಖ್ಯ ಆಗಿದ್ರೆ ಡಬ್ಲ್ಯುಆರ್‌ಎಕ್ಸ್ ತಗೊಂಡು ಸೊಕ್ಕು ಬಿಡಬಹುದಿತ್ತು. ಇನ್ನೂ ಒಂದು ಹೆಜ್ಜೆ ಮುಂದೆ ಹೋದ್ರೆ ಕಾರೇ ಬಿಟ್ಟು ಬಸ್ಸು ಹಿಡೀಬಹುದಿತ್ತು. ಆಸೆ ಪಡೋದು ತಪ್ಪಾ ಅಂತ ಬಹಳ ಯೋಚನೆ ಮಾಡಿದೆ. ಆಸೆ ತಪ್ಪಲ್ಲ ಅನ್ಸುತ್ತೆ. ಆ ಆಸೆಯ ಖರ್ಚನ್ನ ಯಾರ ಹೆಸರಿಗೆ ಬರೀತೀನಿ ಅನ್ನೋದು ಪ್ರಶ್ನೆ. ಕಾರಿನ ಸಾಲ, ಇನ್ಶೂರೆನ್ಸು ನನ್ನ ಹೆಸರಲ್ಲಿರುತ್ತೆ. ಆದ್ರೆ ಹಿಮದ ರಸ್ತೆಯಲ್ಲಿ ಇನ್ನೊಂದು ಖಾತೆ ಇದೆ. ಅದಕ್ಕೆ ಸಹಿ ಹಾಕದವರೂ ಅದರಲ್ಲಿ ಸಾಲಗಾರರಾಗಿರ್ತಾರೆ: ಎದುರಿನ ಕಾರಿನ ಹಿಂದಿನ ಸೀಟಲ್ಲಿರೋ ಮಗು, ಪಟ್ಟೆ ದಾಟ್ತಿರೋ ಹೆಂಗಸು.

ಹಾಗಾಗಿ ಸೆಕೆಂಡ್ ಹ್ಯಾಂಡ್ ಬಿಆರ್‌ಝಡ್ ತಗೊಂಡೆ, ನನ್ನ ಖಾತೆಗೆ ಈ ಖರ್ಚುಗಳನ್ನೂ ಬರ್ಕೊಂಡೆ. ಟೈರು ಎರಡಲ್ಲ, ನಾಲ್ಕೂ ಚಳಿಗಾಲದ್ದು. ಅವು ಅಕ್ಟೋಬರ್ ಮುಗಿಯೋದರೊಳಗೆ ಕಾರಿಗೆ ಬರಬೇಕು, ಕಾನೂನಿನ ತಾರೀಕು ಏನೇ ಇರಲಿ. ಮೊದಲ ಹಿಮ ಬಿದ್ದ ದಿನ ಒಂದು ಖಾಲಿ ಮೈದಾನದಲ್ಲಿ ಬ್ರೇಕು ಒತ್ತಿ ಎಷ್ಟು ದೂರ ಜಾರುತ್ತೆ ಅಂತ ನೋಡಬೇಕು. ವಾರಕ್ಕೊಮ್ಮೆ ಹೊಟ್ಟೆಯ ಕೆಳಗಿನ ಉಪ್ಪು ತೊಳೀಬೇಕು. ಹಿಮ ತಳ್ಳೋ ಗಾಡಿ ರಸ್ತೆಯಂಚಿಗೆ ಒಟ್ಟಿದ ಗುಡ್ಡೆ ಬಂಪರಿಗಿಂತ ಎತ್ತರ ಇದ್ದ ದಿನ ಕಾರು ಅಲ್ಲೇ ಇರಬೇಕು. ಚಳಿ ಮೈನಸ್ 10ರ ಕೆಳಗೆ ಇಳಿದ್ರೆ ಉಪ್ಪು ಹೆಚ್ಚು ಕೆಲಸ ಮಾಡಲ್ಲ, ರಸ್ತೆ ಗಾಜಾಗಬಹುದು. ಅಂಥ ದಿನ 165ನೇ ನಂಬರ್ ಬಸ್ಸು. ಕಳೆದ ಚಳಿಗಾಲದಲ್ಲಿ ಹನ್ನೊಂದು ದಿನ ಬಸ್ಸಲ್ಲಿ ಹೋದೆ. ಕಿಟಕಿಯಿಂದ ಹಿಮದ ಕೆಳಗೆ ಹೂತ ನನ್ನ ನೀಲಿ ಕಾರು ಕಂಡಾಗೆಲ್ಲ ಕೊಡೆ ಹಿಡಿದು ಹೊರಟ ಅಪ್ಪ ನೆನಪಾಗ್ತಿದ್ರು.

ಉಳಿದ ದಿನ ಅದೇ ಇಳಿಜಾರಲ್ಲಿ ಹೋಗ್ತೀನಿ. "ಅರೆ" ಫಲಕ ಇನ್ನೂ ದೂರ ಇರುವಾಗಲೇ ಕಾಲು ಬ್ರೇಕಿನ ಮೇಲೆ ಇರುತ್ತೆ. ಮೆಲ್ಲಗೆ ಒತ್ತಿ, ಹಿಡಿಯುತ್ತಾ ಅಂತ ನೋಡ್ತೀನಿ. ಪಟ್ಟೆಗಳ ಮೇಲೆ ಯಾರೂ ಇರಲ್ಲ ಎಷ್ಟೋ ಸಲ. ಹಿಂದಿನವನು ಹಾರ್ನ್ ಹೊಡೀತಾನೆ, ಸ್ಪೋರ್ಟ್ಸ್ ಕಾರಿಟ್ಕೊಂಡು ಹೀಗೆ ಹೋಗ್ತಾನಲ್ಲ ಅಂತ.

ಹೊಡೀಲಿ.